ಷೇರು ವಿಭಜನೆಗೂ ಒಂದು ಎಲ್ಲೆಯುಂಟು

ದಿನಪತ್ರಿಕೆಯ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಇಂಥ ಕಂಪನಿಯು ತನ್ನ ಒಂದು ಷೇರನ್ನು ಐದಾಗಿ ವಿಭಜಿಸಲಿದೆ, ಇಂಥ ದಿನಾಂಕದಂದು ಷೇರು ಹೊಂದಿದವರ ಖಾತೆಗೆ ಹೊಸ ಷೇರುಗಳು ಜಮೆಯಾಗಲಿವೆ. ಓದುಗನಿಗೆ ಇದು ಬರಿಯ ಲೆಕ್ಕದ ಮಾತಾಗಿ ತೋರುತ್ತದೆ. ಹತ್ತು ಎಕರೆ ಹೊಲವನ್ನು ಅಳೆದು ಐದು ಹಿಸ್ಸೆ ಮಾಡಿದರೆ ಹೊಲವೇನೂ ಹಿಗ್ಗುವುದಿಲ್ಲ. ಹಾಗೆಯೇ ನೂರು ಷೇರು ಇದ್ದವನಿಗೆ ಐನೂರು ಬರುತ್ತವೆ, ಪ್ರತಿ ಷೇರಿನ ಬೆಲೆ ಸುಮಾರು ಐದನೆಯ ಒಂದಕ್ಕೆ ಇಳಿಯುತ್ತದೆ, ಕಂಪನಿಯಲ್ಲಿ ಅವನ ಪಾಲು ಇದ್ದಷ್ಟೇ ಉಳಿಯುತ್ತದೆ. ಹಾಗಿದ್ದ ಮೇಲೆ ಕಂಪನಿಯು ಬೇಕೆಂದಾಗ ಬೇಕಾದಷ್ಟು ತುಂಡು ಮಾಡಿಕೊಳ್ಳಬಹುದಲ್ಲ. ಅದಕ್ಕೆ ಷೇರುದಾರರ ಸಭೆಯೇಕೆ, ಮತದಾನವೇಕೆ, ಕೆಲವೊಮ್ಮೆ ನ್ಯಾಯಾಲಯದ ಮೆಟ್ಟಿಲೇಕೆ?

ಉತ್ತರವು ಕಂಪನಿಯ ಹುಟ್ಟುಪತ್ರದಲ್ಲಿಯೇ ಇದೆ. ಕಂಪನಿಯೊಂದು ನೋಂದಣಿಯಾಗುವಾಗ ತಾನು ಹೆಚ್ಚೆಂದರೆ ಎಷ್ಟು ಷೇರುಗಳನ್ನು ಹೊರಡಿಸಬಹುದೆಂದು ಅಲ್ಲಿ ಬರೆದುಕೊಳ್ಳಬೇಕಾಗುತ್ತದೆ. ಈ ಮೇಲ್ಮಿತಿಗೆ ಕನ್ನಡದಲ್ಲಿ ‘ಅಧಿಕೃತ ಷೇರು’ ಎಂಬ ಹೆಸರು ರೂಢಿಗೆ ಬಂದಿದೆ. ಹೆಸರು ಅಷ್ಟು ಹಿತವಾದುದಲ್ಲ. ‘ಅಧಿಕೃತ’ ಎಂದೊಡನೆ ಸರಕಾರಿ ಮುದ್ರೆ ಬಿದ್ದದ್ದು, ಖೋಟಾ ಅಲ್ಲದ್ದು ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಇಲ್ಲಿರುವ ಅರ್ಥವೇ ಬೇರೆ: ಹೊರಡಿಸಲು ಒಡೆಯರು ಅನುಮತಿ ಕೊಟ್ಟಿರುವ ಷೇರುಗಳ ಸಂಖ್ಯೆ. ಅವು ಇನ್ನೂ ಹುಟ್ಟಿರಬೇಕೆಂದೇನೂ ಇಲ್ಲ. ಜಾತ್ರೆಯ ಸಮಿತಿಯು ವಂತಿಗೆ ಎತ್ತುವವನ ಕೈಗೆ ಮುನ್ನೂರು ಹಾಳೆಯ ರಸೀತಿ ಪುಸ್ತಕ ಕೊಟ್ಟರೆ, ಅವನು ಮುನ್ನೂರೊಂದನೆಯ ರಸೀತಿಯನ್ನು ಹರಿಯಲಾರ. ಇನ್ನೊಂದು ಪುಸ್ತಕ ಬೇಕೆಂದರೆ ಸಮಿತಿಯ ಮುಂದೆ ಬರಬೇಕು. ನಿರ್ದೇಶಕ ಮಂಡಳಿಗೂ ಷೇರುದಾರರಿಗೂ ಇರುವ ಸಂಬಂಧ ಈ ವಿಷಯದಲ್ಲಿ ಹೆಚ್ಚುಕಡಿಮೆ ಅದೇ.

ಈ ಪುಸ್ತಕದ ಹಾಳೆಗಳಲ್ಲಿ ಕೆಲವು ಈಗಾಗಲೇ ಹರಿದುಕೊಟ್ಟವು. ಅವು ನೀಡಲಾದ ಷೇರುಗಳು. ಜನರ ಕೈಯಲ್ಲಿರುವುದು, ಪೇಟೆಯಲ್ಲಿ ಮಾರಾಟವಾಗುವುದು ಇವೇ. ಉಳಿದ ಹಾಳೆಗಳೆಲ್ಲ ಖಾಲಿ ಎಂದು ಭಾವಿಸುವುದು ಸಹಜವಾದ ತಪ್ಪು. ಅವುಗಳಲ್ಲಿ ಒಂದಷ್ಟರ ಮೇಲೆ ಪೆನ್ಸಿಲಿನಿಂದ ಬೇರೆಯವರ ಹೆಸರು ಬರೆದಾಗಿರುತ್ತದೆ. ನೌಕರರಿಗೆ ಮುಂದೊಂದು ದಿನ ನಿಗದಿತ ಬೆಲೆಗೆ ಷೇರು ಕೊಡುವುದಾಗಿ ಕಂಪನಿ ಮಾತು ಕೊಟ್ಟಿರುತ್ತದೆ. ಸಾಲ ಕೊಟ್ಟವರಲ್ಲಿ ಕೆಲವರಿಗೆ ಹಣದ ಬದಲು ಷೇರು ಪಡೆಯುವ ಹಕ್ಕಿರುತ್ತದೆ. ಅಂಥ ಸಾಲಪತ್ರಗಳನ್ನು ಪರಿವರ್ತನೀಯ ಸಾಲಪತ್ರಗಳೆನ್ನುತ್ತಾರೆ. ಇವರೆಲ್ಲ ಬಂದು ಕೇಳಿದ ದಿನ ಕೊಡಲು ಹಾಳೆ ಇಲ್ಲವೆಂದರೆ ಕಂಪನಿಯು ಕರಾರು ಮುರಿದಂತಾಗುತ್ತದೆ. ಆದ್ದರಿಂದ ಅಷ್ಟು ಸಂಖ್ಯೆಯನ್ನು ಮುಟ್ಟದೆ ಇಡಬೇಕು. ಇವೇ ಕಾದಿರಿಸಿದ ಷೇರುಗಳು.

ಇಲ್ಲಿಯೂ ಪದಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡ ವರದಿಗಳಲ್ಲಿ ‘ಮೀಸಲು’ ಎಂಬ ಒಂದೇ ಪದವು ಎರಡು ಕೆಲಸ ಮಾಡುತ್ತದೆ. ಕಂಪನಿಯು ಲಾಭದಲ್ಲಿ ಹಂಚದೆ ಉಳಿಸಿಕೊಂಡ ಹಣ ಮೀಸಲು ನಿಧಿ, ಅದು ಹಣ. ಕಾದಿರಿಸಿದ ಷೇರು ಹಣವಲ್ಲ, ಒಂದು ವಾಗ್ದಾನದ ಲೆಕ್ಕ. ಎರಡನ್ನೂ ಮೀಸಲೆಂದು ಕರೆದು ಕಲಸಿಬಿಟ್ಟರೆ ಮುಂದಿನ ವಿಷಯ ಅರ್ಥವಾಗುವುದಿಲ್ಲ.

ವಿಭಜನೆಯ ದಿನ ಕಾದಿರಿಸಿದ ಷೇರುಗಳಿಗೆ ಏನಾಗುತ್ತದೆ? ಅವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ನೌಕರನೊಬ್ಬನಿಗೆ 40 ಡಾಲರಿನಂತೆ 100 ಷೇರು ಕೊಳ್ಳುವ ಹಕ್ಕಿತ್ತೆನ್ನೋಣ. ಒಂದು ಷೇರು ನಾಲ್ಕಾದ ಮೇಲೆ ಪೇಟೆಯ ಬೆಲೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಅವನ ಹಕ್ಕು ಹಾಗೆಯೇ ಉಳಿದರೆ ಅದಕ್ಕೆ ಕವಡೆಯ ಬೆಲೆಯೂ ಇರದು. ಆದ್ದರಿಂದ ಕರಾರಿನ ಪ್ರಕಾರ ಅದು 10 ಡಾಲರಿನಂತೆ 400 ಷೇರುಗಳ ಹಕ್ಕಾಗಿ ಮಾರ್ಪಡುತ್ತದೆ. ಸಾಲಪತ್ರಗಳ ಪರಿವರ್ತನೆಯ ದರಕ್ಕೂ ಇದೇ ನಿಯಮ.

ಎಂದಮೇಲೆ ವಿಭಜನೆಯ ಲೆಕ್ಕದಲ್ಲಿ ನೀಡಲಾದ ಷೇರುಗಳನ್ನಷ್ಟೇ ಗುಣಿಸಿ ನೋಡಿದರೆ ಸಾಲದು. ಒಂದು ಕಲ್ಪಿತ ಕಂಪನಿಗೆ 100 ಕೋಟಿ ಷೇರುಗಳ ಅನುಮತಿಯಿದೆ, 40 ಕೋಟಿ ನೀಡಲಾಗಿದೆ, 15 ಕೋಟಿ ಕಾದಿರಿಸಲಾಗಿದೆ. ಒಂದನ್ನು ಎರಡಾಗಿಸಿದರೆ 80 ಕೋಟಿಯಾಗುತ್ತದೆ, 20 ಕೋಟಿ ಇನ್ನೂ ಮಿಗುತ್ತದೆ ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಆ 15 ಕೋಟಿಯೂ 30 ಆಗುವುದರಿಂದ ಒಟ್ಟು ಬೇಕಾಗುವುದು 110 ಕೋಟಿ. ಮೇಲ್ಮಿತಿ ದಾಟಿತು. ಷೇರುದಾರರ ಒಪ್ಪಿಗೆಯಿಲ್ಲದೆ ಆ ಕಂಪನಿಯು ಒಂದನ್ನು ಎರಡಾಗಿಸುವಂತೆಯೂ ಇಲ್ಲ.

ಈ ಎಲ್ಲೆಯು ನಿಜಜೀವನದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಅಮೆರಿಕದ ಗೇಮ್‌ಸ್ಟಾಪ್ ಕಂಪನಿ ಒಳ್ಳೆಯ ಉದಾಹರಣೆ. ಟೆಕ್ಸಾಸ್ ರಾಜ್ಯದ ಗ್ರೇಪ್‌ವೈನ್ ಪಟ್ಟಣದಲ್ಲಿ ಮುಖ್ಯ ಕಚೇರಿಯಿರುವ ಇದು ವಿಡಿಯೋ ಆಟಗಳನ್ನು ಮಾರುವ ಅಂಗಡಿಗಳ ಸರಣಿ. 2021ರ ಜನವರಿಯಲ್ಲಿ, ಈ ಷೇರಿನ ಬೆಲೆ ಬೀಳುತ್ತದೆಂದು ಪಣ ಕಟ್ಟಿದ್ದ ದೊಡ್ಡ ಹೂಡಿಕೆ ನಿಧಿಗಳಿಗೆ ಎದುರಾಗಿ ಸಣ್ಣ ಹೂಡಿಕೆದಾರರು ಮುಗಿಬಿದ್ದು ಕೊಂಡರು. ಆ ತಿಂಗಳ 28ರಂದು ಬೆಲೆ ಒಂದು ಕ್ಷಣ 483 ಡಾಲರಿಗೆ ಮುಟ್ಟಿತ್ತು. ಮರುವರ್ಷ ಕಂಪನಿಯು ತನ್ನ ಷೇರುಗಳನ್ನು ವಿಭಜಿಸಲು ಯೋಚಿಸಿತು.

ಆಗ ಅದರ ಪುಸ್ತಕದಲ್ಲಿ ಇದ್ದುದು 30 ಕೋಟಿ ಷೇರುಗಳ ಅನುಮತಿ. ಜನರ ಕೈಯಲ್ಲಿದ್ದವು ಸುಮಾರು 7.6 ಕೋಟಿ. ಒಂದನ್ನು ನಾಲ್ಕಾಗಿಸಿದರೆ 30.4 ಕೋಟಿ ಬೇಕು. ಕೊರತೆ ಕೇವಲ 40 ಲಕ್ಷದ್ದು. ಆದರೂ ಕೊರತೆ ಕೊರತೆಯೇ. ನೌಕರರಿಗೆಂದು ಕಾದಿರಿಸಿದ್ದನ್ನು ಇನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ಒಂದಕ್ಕೆ ಮೂರರಂತೆ ಮಾಡಿದ್ದರೆ 22.8 ಕೋಟಿಗೆ ಮುಗಿಯುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಮಿಕ್ಕ 7.2 ಕೋಟಿಯಲ್ಲಿಯೇ ಮೂರುಪಟ್ಟಾದ ವಾಗ್ದಾನಗಳಿಗೂ ಮುಂದಿನ ಬಂಡವಾಳದ ಅಗತ್ಯಗಳಿಗೂ ಜಾಗ ಹುಡುಕಬೇಕಾಗುತ್ತಿತ್ತು.

2022ರ ಮಾರ್ಚ್ 31ರಂದು ಕಂಪನಿಯು ಮಿತಿಯನ್ನು 30 ಕೋಟಿಯಿಂದ 100 ಕೋಟಿಗೆ ಏರಿಸಲು ಷೇರುದಾರರ ಒಪ್ಪಿಗೆ ಕೇಳುವುದಾಗಿ ಪ್ರಕಟಿಸಿತು. ಜೂನ್ 2ರ ವಾರ್ಷಿಕ ಸಭೆಯಲ್ಲಿ ಒಪ್ಪಿಗೆ ದೊರೆಯಿತು. ಅದೇ ಸಭೆಯಲ್ಲಿ ನೌಕರರಿಗೆ ಷೇರು ನೀಡುವ ಹೊಸ ಯೋಜನೆಯೂ ಮತಕ್ಕೆ ಬಂದು ಅಂಗೀಕಾರವಾಯಿತೆಂಬುದನ್ನು ಗಮನಿಸಬೇಕು. ಒಂದೇ ಮತಪತ್ರದಲ್ಲಿ ಪುಸ್ತಕ ದೊಡ್ಡದಾಯಿತು, ಅದರ ಹಾಳೆಗಳ ಮೇಲೆ ಪೆನ್ಸಿಲ್ ಗುರುತುಗಳೂ ಹೆಚ್ಚಿದವು. ಜುಲೈ ತಿಂಗಳಲ್ಲಿ ಪ್ರತಿಯೊಂದು ಷೇರಿಗೆ ಇನ್ನು ಮೂರು ಷೇರುಗಳನ್ನು ಲಾಭಾಂಶದ ರೂಪದಲ್ಲಿ ಹಂಚಲಾಯಿತು. ಒಂದು ನಾಲ್ಕಾಯಿತು.

‘ಲಾಭಾಂಶದ ರೂಪದಲ್ಲಿ’ ಎಂಬ ಮಾತಿಗೆ ತೂಕವಿದೆ. ವಿಭಜನೆಯನ್ನು ಎರಡು ಬಗೆಯಲ್ಲಿ ನಡೆಸಬಹುದು. ಹುಟ್ಟುಪತ್ರವನ್ನೇ ತಿದ್ದಿ, ಇರುವ ಷೇರನ್ನೂ ಮೇಲ್ಮಿತಿಯನ್ನೂ ಒಟ್ಟಿಗೆ ನಾಲ್ಕುಪಟ್ಟು ಮಾಡುವುದು ಒಂದು ಬಗೆ. ಇರುವ ಷೇರನ್ನು ಮುಟ್ಟದೆ, ಪುಸ್ತಕದ ಖಾಲಿ ಹಾಳೆಗಳಿಂದ ಹೊಸ ಷೇರುಗಳನ್ನು ಹರಿದು ಕೊಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಪುಸ್ತಕವೂ ಬೆಳೆಯುತ್ತದೆ. ಎರಡನೆಯದರಲ್ಲಿ ಪುಸ್ತಕ ಕರಗುತ್ತದೆ. ಗೇಮ್‌ಸ್ಟಾಪ್ ಹಿಡಿದದ್ದು ಎರಡನೆಯ ದಾರಿ. ಆದ್ದರಿಂದಲೇ ಅದಕ್ಕೆ ಮೊದಲು ದೊಡ್ಡ ಪುಸ್ತಕ ಬೇಕಾಯಿತು.

30ರಿಂದ 100 ಕೋಟಿಗೆ ಏರಿಕೆಯೆಂದರೆ ನಿರ್ದೇಶಕರಿಗೆ ಧಾರಾಳವಾಗಿ ಬಾಗಿಲು ತೆರೆದಂತೆ ಕೇಳಿಸುತ್ತದೆ. ಸಂಖ್ಯೆಯನ್ನು ಬಿಟ್ಟು ಪ್ರಮಾಣವನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಷೇರು ನಾಲ್ಕುಪಟ್ಟಾದಂತೆ ಮಿತಿಯೂ ನಾಲ್ಕುಪಟ್ಟಾಗಿದ್ದರೆ ಅದು 120 ಕೋಟಿಯಾಗಬೇಕಿತ್ತು. ಮೊದಲು ಇದ್ದುದು ನೀಡಲಾದ ಷೇರಿನ ಸುಮಾರು 3.9 ಪಟ್ಟು ಮಿತಿ. ಆಮೇಲೆ ಸುಮಾರು 3.3 ಪಟ್ಟು. ಅಂದರೆ ಹೊಸ ಷೇರು ಹೊರಡಿಸಿ ಹಳೆಯ ಷೇರುದಾರರ ಪಾಲನ್ನು ತೆಳುವಾಗಿಸುವ ಅವಕಾಶ ಮೊದಲಿಗಿಂತ ತುಸು ಕಿರಿದೇ ಆಯಿತು. ಇಂಥ ಪ್ರಸ್ತಾಪವನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನದಂಡವಿಲ್ಲ: ಷೇರುಗಳು ಎಷ್ಟು ಪಟ್ಟಾದವು, ಮಿತಿ ಎಷ್ಟು ಪಟ್ಟಾಯಿತು?

ಆ ಅವಕಾಶವು ಕಾಗದದ ಮೇಲೆ ಸುಮ್ಮನೆ ಬಿದ್ದಿರಲೂ ಇಲ್ಲ. 2024ರ ಮೇ ತಿಂಗಳಲ್ಲಿ ಗೇಮ್‌ಸ್ಟಾಪ್ 4.5 ಕೋಟಿ ಹೊಸ ಷೇರುಗಳನ್ನು ಪೇಟೆಯಲ್ಲಿ ಮಾರಿತು, ಜೂನಿನಲ್ಲಿ 7.5 ಕೋಟಿ, ಸೆಪ್ಟೆಂಬರಿನಲ್ಲಿ 2 ಕೋಟಿ. ಒಟ್ಟು 14 ಕೋಟಿ ಷೇರುಗಳಿಂದ ಸುಮಾರು 345 ಕೋಟಿ ಡಾಲರ್ ಕಂಪನಿಯ ಖಜಾನೆಗೆ ಬಂತು. ಹಳೆಯ 30 ಕೋಟಿಯ ಮಿತಿಯೊಳಗೆ ಇದಾವುದೂ ಆಗುವಂತಿರಲಿಲ್ಲ. 2025ರಲ್ಲಿ ಕಂಪನಿಯು ಬಡ್ಡಿಯಿಲ್ಲದ ಪರಿವರ್ತನೀಯ ಸಾಲಪತ್ರಗಳನ್ನು ಹೊರಡಿಸಿತು. ಅವುಗಳ ಪೈಕಿ ಏಪ್ರಿಲ್ ತಿಂಗಳ 150 ಕೋಟಿ ಡಾಲರಿನ ಸಾಲವೊಂದೇ ಪೂರ್ತಿ ಷೇರಾಗಿ ಮಾರ್ಪಟ್ಟರೆ ಸುಮಾರು 5 ಕೋಟಿ ಷೇರುಗಳು ಬೇಕು. ಅಷ್ಟು ಹಾಳೆಗಳ ಮೇಲೆ ಈಗ ಸಾಲಿಗರ ಹೆಸರಿದೆ. ಕಂಪನಿ ಮತ್ತೊಮ್ಮೆ ವಿಭಜನೆಗೆ ಹೊರಟರೆ ಅವೂ ಗುಣಾಕಾರದೊಳಗೆ ಬರುತ್ತವೆ.

ಒಡೆಯರು ಒಪ್ಪದಿದ್ದರೆ? ಅದರ ಕತೆ ಎಎಂಸಿ ಎಂಬ ಚಿತ್ರಮಂದಿರ ಕಂಪನಿಯದು. ಕೋವಿಡ್ ಕಾಲದಲ್ಲಿ ಮುಚ್ಚಿದ ಬಾಗಿಲುಗಳಿಂದ ದಿವಾಳಿಯ ಅಂಚಿಗೆ ಬಂದಿದ್ದ ಈ ಕಂಪನಿಯು ಷೇರುಗಳನ್ನು ಮಾರಿಯೇ ಉಸಿರು ಹಿಡಿದಿತ್ತು. ಅದರ ಮಿತಿ ಸುಮಾರು 52.4 ಕೋಟಿ, 2021ರ ನಡುವಿನ ಹೊತ್ತಿಗೆ 51.3 ಕೋಟಿ ಹರಿದಾಗಿತ್ತು. ಮೊದಲು ಇನ್ನೂ 50 ಕೋಟಿ, ಅದಾಗದೆ ಹೋದಾಗ ಬರಿಯ 2.5 ಕೋಟಿ ಷೇರುಗಳಿಗೆ ಅನುಮತಿ ಕೇಳಲು ಹೊರಟ ಆಡಳಿತವು ಎರಡು ಸಲವೂ ಪ್ರಸ್ತಾಪವನ್ನು ಹಿಂತೆಗೆದುಕೊಂಡಿತು. ಸಣ್ಣ ಷೇರುದಾರರು ತಮ್ಮ ಪಾಲು ತೆಳುವಾಗುವುದನ್ನು ಒಪ್ಪುವಂತಿರಲಿಲ್ಲ. ಕಾನೂನಿನ ಲೆಕ್ಕವೂ ಬಿಗಿಯಾಗಿತ್ತು. ಎರಡೂ ಕಂಪನಿಗಳು ನೋಂದಣಿಯಾಗಿದ್ದ ಡೆಲವೇರ್ ರಾಜ್ಯದ ಅಂದಿನ ನಿಯಮದಂತೆ ಮಿತಿ ಏರಿಸಲು ಒಟ್ಟು ಷೇರುಗಳ ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು. ಮತವನ್ನೇ ಹಾಕದವನೂ ವಿರೋಧಿಯ ಸಾಲಿಗೆ ಸೇರುತ್ತಿದ್ದ. ಲಕ್ಷಾಂತರ ಮಂದಿ ಸಣ್ಣ ಷೇರುದಾರರಿರುವಲ್ಲಿ ಮೌನವೇ ದೊಡ್ಡ ಪಕ್ಷ.

ಮುಂಬಾಗಿಲು ಮುಚ್ಚಿದಾಗ ಎಎಂಸಿ ಪಕ್ಕದ ಬಾಗಿಲನ್ನು ಹುಡುಕಿತು. ಅದರ ಹುಟ್ಟುಪತ್ರದಲ್ಲಿ ಇನ್ನೂ ಬಳಸದ 5 ಕೋಟಿ ಆದ್ಯತಾ ಷೇರುಗಳ ಅನುಮತಿಯಿತ್ತು. ಇವುಗಳನ್ನು ಯಾವ ಗುಣಗಳೊಡನೆ ಹೊರಡಿಸಬೇಕೆಂಬುದು ನಿರ್ದೇಶಕರ ವಿವೇಚನೆಗೆ ಬಿಟ್ಟದ್ದು. ಒಂದು ಆದ್ಯತಾ ಷೇರನ್ನು ನೂರು ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದು ಸಾಮಾನ್ಯ ಷೇರಿನಷ್ಟೇ ಮತವನ್ನು ಕೊಟ್ಟು, 2022ರ ಆಗಸ್ಟಿನಲ್ಲಿ ಪ್ರತಿ ಸಾಮಾನ್ಯ ಷೇರಿಗೆ ಅಂಥದೊಂದನ್ನು ಲಾಭಾಂಶವಾಗಿ ಹಂಚಿತು. ಇವಕ್ಕೆ ಪೇಟೆಯಲ್ಲಿ ‘ಏಪ್’ ಎಂಬ ಹೆಸರು ಬಿತ್ತು. ಹೆಸರು ಬೇರೆಯಾದರೂ ನಡೆದದ್ದು ಒಂದನ್ನು ಎರಡಾಗಿಸಿದ ವಿಭಜನೆಯೇ. ಸಾಮಾನ್ಯ ಷೇರಿನ ಮಿತಿಯನ್ನು ಮಾತ್ರ ಮುಟ್ಟಲಿಲ್ಲ. ಬಳಿಕ ಕಂಪನಿಯು ಹೊಸ ಏಪ್‌ಗಳನ್ನು ಮಾರಿ ಹಣವನ್ನೂ ಎತ್ತಿತು. ಇನ್ನೊಂದು ಸೂಕ್ಷ್ಮವಿತ್ತು: ಸೂಚನೆ ಕೊಡದ ಏಪ್ ಹಿಡುವಳಿದಾರರ ಮತಗಳನ್ನು, ಮತ ಹಾಕಿದವರ ಪ್ರಮಾಣದಲ್ಲಿಯೇ ಹಂಚಿ ಹಾಕುವ ಏರ್ಪಾಡು ಕರಾರಿನೊಳಗೇ ಇತ್ತು. ಮೌನವು ಇಲ್ಲಿ ವಿರೋಧವಾಗಲಿಲ್ಲ.

2023ರ ಮಾರ್ಚ್ 14ರ ವಿಶೇಷ ಸಭೆಯಲ್ಲಿ ಎರಡು ನಿರ್ಣಯಗಳು ಗೆದ್ದವು. ಹತ್ತು ಷೇರುಗಳನ್ನು ಕೂಡಿಸಿ ಒಂದಾಗಿಸುವುದು, ಅಂದರೆ ವಿಭಜನೆಯ ವಿಲೋಮ. ಜೊತೆಗೆ ಮಿತಿಯನ್ನು 55 ಕೋಟಿಗೆ ಏರಿಸುವುದು. 52ರಿಂದ 55ಕ್ಕೆ ಏರಿಕೆಯೆಂದರೆ ಸಣ್ಣದೆಂದು ಯಾರೂ ಹೇಳಬಹುದು. ಆದರೆ ಕೈಯಲ್ಲಿರುವ ಷೇರುಗಳು ಹತ್ತನೆಯ ಒಂದಕ್ಕೆ ಇಳಿದು, ಮಿತಿ ಇಳಿಯದೆ ಉಳಿದರೆ ಏನಾಗುತ್ತದೆ? ಏಪ್‌ಗಳೆಲ್ಲ ಸಾಮಾನ್ಯ ಷೇರಾಗಿ ಬೆರೆತ ಮೇಲೆಯೂ ಒಟ್ಟು ಸಂಖ್ಯೆ 16 ಕೋಟಿಗಿಂತ ಕಡಿಮೆಯಿತ್ತು. ತುಂಬಿ ತುಳುಕುತ್ತಿದ್ದ ಪುಸ್ತಕದಲ್ಲಿ ಮೂರನೆಯ ಎರಡರಷ್ಟು ಹಾಳೆ ಒಮ್ಮೆಗೇ ಖಾಲಿಯಾಯಿತು. ಷೇರುದಾರರು ಡೆಲವೇರ್‌ನ ಛಾನ್ಸರಿ ನ್ಯಾಯಾಲಯಕ್ಕೆ ಹೋದರು. ಮೊದಲ ರಾಜಿಯನ್ನು ನ್ಯಾಯಾಧೀಶರು ಜುಲೈಯಲ್ಲಿ ತಳ್ಳಿಹಾಕಿ, ತಿದ್ದಿದ ರಾಜಿಯನ್ನು ಆಗಸ್ಟ್ 11ರಂದು ಒಪ್ಪಿದರು. ಸಾಮಾನ್ಯ ಷೇರುದಾರರಿಗೆ ಪ್ರತಿ 7.5 ಷೇರಿಗೆ ಒಂದು ಷೇರು ಪರಿಹಾರವಾಗಿ ದೊರೆಯಿತು. ಮರುತಿಂಗಳೇ ಕಂಪನಿಯು 4 ಕೋಟಿ ಹೊಸ ಷೇರುಗಳನ್ನು ಮಾರಿತು. ಕಂಪನಿಗೆ ಹಣದ ತೀವ್ರ ಅಗತ್ಯವಿದ್ದುದು ನಿಜ, ಹಾಗೆ ಮಾಡದಿದ್ದರೆ ಷೇರುದಾರರಿಗೆ ಏನೂ ಉಳಿಯುತ್ತಿರಲಿಲ್ಲವೆಂಬ ವಾದವೂ ಹಗುರವಾದುದಲ್ಲ. ಆದರೆ ಒಡೆಯರು ಹಾಕಿದ ಅಗುಳಿಯನ್ನು ತೆಗೆದ ರೀತಿ ಮಾತ್ರ ನೇರವಾದುದೆನ್ನಲಾಗದು.

ಈ ಗಲಾಟೆಯ ವರ್ಷದಲ್ಲಿಯೇ ಡೆಲವೇರ್ ತನ್ನ ಕಾನೂನನ್ನು ತಿದ್ದಿತು. 2023ರ ಆಗಸ್ಟ್ 1ರಿಂದ, ಒಂದೇ ವರ್ಗದ ಷೇರುಗಳು ಚಲಾವಣೆಯಲ್ಲಿರುವ ಕಂಪನಿಯು ಷೇರು ವಿಭಜನೆ ಮಾಡುವಾಗ ಅದೇ ಪ್ರಮಾಣದಲ್ಲಿ ಮಿತಿಯನ್ನೂ ಏರಿಸಿಕೊಳ್ಳಬಹುದು, ಅದಕ್ಕೆ ಷೇರುದಾರರ ಮತ ಬೇಕಾಗಿಲ್ಲ. 2024ರ ಜೂನಿನಲ್ಲಿ ಎನ್ವಿಡಿಯಾ ಕಂಪನಿ ಒಂದು ಷೇರನ್ನು ಹತ್ತಾಗಿಸಿದಾಗ ಮಿತಿಯು 800 ಕೋಟಿಯಿಂದ 8,000 ಕೋಟಿಗೆ ಏರಿತು. ಪುಸ್ತಕವೂ ಹತ್ತುಪಟ್ಟು, ಹರಿದ ಹಾಳೆಗಳೂ ಹತ್ತುಪಟ್ಟು, ಪೆನ್ಸಿಲ್ ಗುರುತುಗಳೂ ಹತ್ತುಪಟ್ಟು. ಯಾರ ಪಾಲಿನ ತೂಕವೂ ಬದಲಾಗಲಿಲ್ಲ. ಪ್ರಮಾಣಕ್ಕಿಂತ ಹೆಚ್ಚು ಬೇಕೆಂದರೆ ಇಂದಿಗೂ ಮತ ಕೇಳಬೇಕು. ಆದರೆ ಷೇರು ವಿನಿಮಯ ಕೇಂದ್ರದ ಪಟ್ಟಿಯಲ್ಲಿರುವ ಕಂಪನಿಗೆ ಈಗ ಬಿದ್ದ ಮತಗಳಲ್ಲಿ ಹೆಚ್ಚಿನವು ಪರವಾಗಿದ್ದರೆ ಸಾಕು.

ಭಾರತದಲ್ಲಿ ಪದ್ಧತಿಯ ಬುಡವೇ ಬೇರೆ. ಇಲ್ಲಿ ಪ್ರತಿ ಷೇರಿಗೂ ಒಂದು ಮುಖಬೆಲೆಯುಂಟು, ಅಧಿಕೃತ ಬಂಡವಾಳವನ್ನು ಮೊದಲು ರೂಪಾಯಿಯಲ್ಲಿ ಬರೆಯುತ್ತಾರೆ. 2013ರ ಕಂಪನಿ ಕಾಯ್ದೆಯ 61ನೆಯ ಕಲಮಿನಂತೆ ವಿಭಜನೆಯೆಂದರೆ ಮುಖಬೆಲೆಯನ್ನು ಒಡೆಯುವುದು. 10 ರೂಪಾಯಿಯ ಒಂದು ಷೇರು 5 ರೂಪಾಯಿಯ ಎರಡಾದರೆ, ಹೊರಡಿಸಿದ್ದೂ ಹೊರಡಿಸದ್ದೂ ಒಟ್ಟಿಗೆ ಎರಡುಪಟ್ಟಾಗುತ್ತವೆ. ರೂಪಾಯಿಯ ಮೊತ್ತ ಅಲ್ಲಾಡುವುದಿಲ್ಲ. ಆರಂಭದಲ್ಲಿ ಹೇಳಿದ ಹೊಲದ ಹಿಸ್ಸೆಗೆ ನಿಜವಾಗಿ ಹೋಲುವುದು ಇದೇ. ಷೇರುದಾರರ ಸಭೆಯ ನಿರ್ಣಯ ಇಲ್ಲಿಯೂ ಬೇಕು, ಏಕೆಂದರೆ ಸಂಸ್ಥಾಪನಾ ಪತ್ರದ ಬಂಡವಾಳದ ವಾಕ್ಯವನ್ನು ತಿದ್ದಬೇಕಾಗುತ್ತದೆ. ಬಳಿಕ 30 ದಿನಗಳೊಳಗೆ ಕಂಪನಿ ನೋಂದಣಾಧಿಕಾರಿಗೆ ತಿಳಿಸಬೇಕು. ಆದರೆ ಮಿತಿ ಸಾಲದೆಂಬ ಮಾತೇ ಇಲ್ಲಿ ಏಳುವುದಿಲ್ಲ.

ಆ ಮಾತು ಏಳುವುದು ಬೋನಸ್ ಷೇರಿನಲ್ಲಿ. ಬೋನಸ್ಸಿನಲ್ಲಿ ಮುಖಬೆಲೆ ಹಾಗೆಯೇ ಇರುತ್ತದೆ, ಹೊಸ ಷೇರುಗಳು ಹುಟ್ಟುತ್ತವೆ, ಅವುಗಳ ಮುಖಬೆಲೆಯಷ್ಟು ಹಣ ಮೀಸಲು ನಿಧಿಯಿಂದ ಬಂಡವಾಳದ ಖಾತೆಗೆ ಸರಿಯುತ್ತದೆ. ಹೀಗೆ ಇಲ್ಲಿ ಎರಡು ಪರೀಕ್ಷೆ: ನಿಧಿಯಲ್ಲಿ ಹಣವಿರಬೇಕು, ಪುಸ್ತಕದಲ್ಲಿ ಹಾಳೆಯಿರಬೇಕು. ಕಡ್ಡಾಯವಾಗಿ ಷೇರಾಗಿ ಮಾರ್ಪಡಲಿರುವ ಸಾಲಪತ್ರಗಳಿದ್ದರೆ ಅವುಗಳ ಹಿಡುವಳಿದಾರರ ಪಾಲಿನ ಬೋನಸ್ಸನ್ನೂ ಕಾದಿರಿಸಬೇಕೆಂದು ಸೆಬಿಯ ನಿಯಮ ಹೇಳುತ್ತದೆ. ಪೇಟೆಯ ಭಾಷೆಯಲ್ಲಿ ವಿಭಜನೆಯೂ ಬೋನಸ್ಸೂ ಅವಳಿಜವಳಿಗಳಂತೆ ಕಂಡರೂ ಮಿತಿಯ ದೃಷ್ಟಿಯಿಂದ ಗೇಮ್‌ಸ್ಟಾಪ್‌ನ ಹಂಚಿಕೆಗೆ ಹತ್ತಿರವಾದದ್ದು ನಮ್ಮ ಬೋನಸ್ಸೇ ಹೊರತು ವಿಭಜನೆಯಲ್ಲ.

ಬೆಂಗಳೂರಿನ ಇನ್ಫೋಸಿಸ್ ಎರಡನ್ನೂ ಮಾಡಿದ ಕಂಪನಿ. 2000ದಲ್ಲಿ ಅದು 10 ರೂಪಾಯಿಯ ಷೇರನ್ನು 5 ರೂಪಾಯಿಯ ಎರಡಾಗಿ ಒಡೆಯಿತು. 2018ರಲ್ಲಿ ಒಂದಕ್ಕೊಂದು ಬೋನಸ್ ಘೋಷಿಸಿತು. ಆಗ ನೀಡಲಾಗಿದ್ದ ಷೇರುಗಳು ಸುಮಾರು 218.4 ಕೋಟಿ, ಮಿತಿ 240 ಕೋಟಿ. ಇದ್ದ ಖಾಲಿ ಹಾಳೆಗಳು 21.6 ಕೋಟಿ, ಬೇಕಾಗಿದ್ದುದು 218.4 ಕೋಟಿ. ಆದ್ದರಿಂದ ಬೋನಸ್ಸಿನ ಜೊತೆಗೇ ಅಧಿಕೃತ ಬಂಡವಾಳವನ್ನು 1,200 ಕೋಟಿ ರೂಪಾಯಿಯಿಂದ 2,400 ಕೋಟಿಗೆ, ಅಂದರೆ 480 ಕೋಟಿ ಷೇರುಗಳಿಗೆ ಏರಿಸಲು ಅಂಚೆ ಮತದಾನದ ಮೂಲಕ ಷೇರುದಾರರ ಒಪ್ಪಿಗೆ ಪಡೆಯಲಾಯಿತು. ಷೇರು ಎರಡುಪಟ್ಟು, ಮಿತಿಯೂ ಎರಡುಪಟ್ಟು. ಬೋನಸ್ ಹಂಚಿದ ಬಳಿಕ ಪುಸ್ತಕದಲ್ಲಿ ಉಳಿದದ್ದು 43.2 ಕೋಟಿ ಹಾಳೆಗಳು.